ಎರಡನೆಯ ಗಂಟೆಯ ಮೇಲೆ ಬರುವ ಮಗು

ಶಾಲೆಯ ಅಂಗಳದಲ್ಲಿ ಪ್ರಾರ್ಥನೆ ಮುಗಿದಿದೆ. ಮರದ ಕೊಂಬೆಗೆ ತೂಗುಬಿಟ್ಟ ಕಬ್ಬಿಣದ ಕಂಬಿಯ ತುಂಡು ಎರಡನೆಯ ಬಾರಿ ಸದ್ದು ಮಾಡಿ ಸುಮ್ಮನಾಗಿದೆ. ಒಳಗೆ ಮೇಷ್ಟರು ಹಾಜರಿ ಕರೆಯುತ್ತಿದ್ದಾರೆ. ಆಗ ಬೇಲಿಯ ತಿರುವಿನಲ್ಲಿ ಒಂದು ಪುಟ್ಟ ತಲೆ ಕಾಣಿಸುತ್ತದೆ. ಎಂಟು ವರ್ಷದ ಹುಡುಗಿ. ಜಡೆ ಅರ್ಧ ಹೆಣೆದಿದೆ, ಚೀಲ ಹೆಗಲಿನಿಂದ ಜಾರಿದೆ. ಅಷ್ಟು ದೂರ ಓಡಿಬಂದ ಕಾಲುಗಳು ಬಾಗಿಲ ಬಳಿ ತಟ್ಟನೆ ನಿಂತುಬಿಡುತ್ತವೆ. ಒಳಗೆ ಹೋಗುವುದೋ, ಬಂದ ದಾರಿಯಲ್ಲೇ ಹಿಂದಿರುಗುವುದೋ ಅವಳಿಗೆ ತಿಳಿಯದು.

"ಯಾಕಮ್ಮಾ, ಇಷ್ಟು ಹೊತ್ತು?"

"ಅವ್ವ ಕೂಲಿಗೆ ಹೋಯ್ತು ಸಾ. ಪಾಪ ಅಳ್ತಿತ್ತು."

"ಸರಿ, ಬಾ. ಕೂತ್ಕೊ. ನೀನು ಬರಲಿ ಅಂತಲೇ ನೋಡ್ತಿದ್ದೆವು."

ಹುಡುಗಿ ಒಳಗೆ ಬರುತ್ತಾಳೆ. ಅಂದಿನ ಪಾಠ ಅವಳಿಗೆ ದಕ್ಕುತ್ತದೆ.

ಇಂಥ ಒಂದು ಮಗುವಾದರೂ ಇಲ್ಲದ ಪ್ರಾಥಮಿಕ ಶಾಲೆ ಅಪರೂಪ. ಆದರೆ ಇಂಥ ಉತ್ತರ ಎಲ್ಲ ಬಾಗಿಲಲ್ಲಿಯೂ ದೊರೆಯುವುದಿಲ್ಲ. "ಹೊರಗೆ ನಿಲ್ಲು", "ನಾಳೆ ಅಪ್ಪನನ್ನು ಕರೆದುಕೊಂಡು ಬಾ" ಎಂಬ ಮಾತು ಬಿದ್ದರೆ, ಮತ್ತೊಮ್ಮೆ ತಡವಾದ ದಿನ ಆ ಮಗು ಬಾಗಿಲವರೆಗೂ ಬರುವುದಿಲ್ಲ. ಕೆರೆಯ ಏರಿಯ ಮೇಲೋ ಹುಣಿಸೆಮರದ ಅಡಿಯಲ್ಲೋ ಹೊತ್ತು ಕಳೆದು, ಶಾಲೆ ಬಿಡುವ ವೇಳೆಗೆ ಚೀಲ ಹೊತ್ತು ಮನೆಗೆ ಹೋಗುತ್ತದೆ. ಹದಿನೈದು ನಿಮಿಷದ ತಡ ಒಂದು ದಿನದ ಗೈರುಹಾಜರಿಯಾಯಿತು. ದಿನ ವಾರಕ್ಕೆ ಬೆಳೆಯಿತು. ವಾರ ಕಳೆದು ಬಂದಾಗ ಪಾಠ ತಲೆಗೆ ಹತ್ತದು, ಪಕ್ಕದವರು ನಗುತ್ತಾರೆ. ನಗೆಗೆ ಅಂಜಿದ ಮಗು ಶಾಲೆಯನ್ನೇ ಬಿಟ್ಟುಬಿಡುತ್ತದೆ. ಓದು ಬಿಟ್ಟ ಎಷ್ಟೋ ಮಕ್ಕಳ ಕಥೆಯ ಮೊದಲ ಪುಟದಲ್ಲಿ ಹೀಗೊಂದು ಸಣ್ಣ ತಡ ಅಡಗಿರುತ್ತದೆ.

ಹಾಗೆಂದು ತಡವನ್ನು ಹಗುರವಾಗಿ ಎಣಿಸುವಂತಿಲ್ಲ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ೨೦೦ ದಿನ, ೮೦೦ ಗಂಟೆ ಪಾಠ ನಡೆಯಬೇಕೆಂದು ವಿಧಿಸಿದೆ. ದಿನಕ್ಕೆ ೧೫ ನಿಮಿಷ ತಡವಾಗಿ ಬರುವ ಮಗು ೨೦೦ ದಿನಗಳಲ್ಲಿ ೩,೦೦೦ ನಿಮಿಷ, ಅಂದರೆ ೫೦ ಗಂಟೆಗಳನ್ನು ಕಳೆದುಕೊಳ್ಳುತ್ತದೆ. ದಿನಕ್ಕೆ ನಾಲ್ಕು ಗಂಟೆಯ ಲೆಕ್ಕದಲ್ಲಿ ಇದು ಹನ್ನೆರಡೂವರೆ ದಿನಗಳ ಪಾಠ. ಒಂದು ದಿನವೂ ತಪ್ಪಿಸಿಕೊಂಡಿಲ್ಲವೆಂದು ತಾಯಿ ಹೆಮ್ಮೆಪಡುವ ಮಗು ಕೂಡ ಹೀಗೆ ಎರಡು ವಾರ ಶಾಲೆಗೆ ಹೋಗದಂತೆಯೇ ಆಗುತ್ತದೆ.

ಕಳೆದುಹೋದದ್ದು ಯಾವ ಪಾಠವೆಂಬುದೂ ಮುಖ್ಯ. ಒತ್ತಕ್ಷರ ಕಲಿಸಿದ ವಾರ ಜ್ವರದಿಂದ ಮಲಗಿದ್ದ ಹುಡುಗನಿಗೆ 'ಅಮ್ಮ' ಎಂಬ ಪದವೇ ಒಗಟಾಗುತ್ತದೆ. ಕೂಡುವ ಲೆಕ್ಕದಲ್ಲಿ ದಶಕವನ್ನು ಪಕ್ಕಕ್ಕೆ ಒಯ್ಯುವ ಬಗೆಯನ್ನು ಹೇಳಿದ ದಿನ ಇಲ್ಲದವನು ಮುಂದೆ ಗುಣಿಸುವಾಗಲೂ ಎಡವುತ್ತಾನೆ. ಎಳೆಯ ತರಗತಿಗಳ ಪಾಠಗಳು ಮೆಟ್ಟಿಲುಗಳಿದ್ದಂತೆ. ಒಂದು ತಪ್ಪಿದರೆ ಮೇಲಿನದಕ್ಕೆ ಕಾಲು ಎಟುಕದು.

ಈ ತೊಡಕನ್ನು ಕಣ್ಣಾರೆ ಕಂಡು ದಾರಿ ಹುಡುಕಿದವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು. ಅದು ಕಾಡಿನ ಅಂಚಿನ ತಾಲ್ಲೂಕು. ಕೂಲಿನಾಲಿಯ ಮನೆಗಳಿಂದಲೂ ಹಾಡಿಗಳಿಂದಲೂ ಬರುವ ಮಕ್ಕಳು ನಾಲ್ಕು ದಿನ ಬಂದರೆ ಮೂರು ದಿನ ಇಲ್ಲ. ಬಂದವರೆಲ್ಲರಿಗೂ ಒಂದೇ ಪುಟ, ಒಂದೇ ಪಾಠ ಎಂದರೆ ಮಧ್ಯೆ ತಪ್ಪಿಸಿಕೊಂಡವರ ಗತಿಯೇನು? ೧೯೯೫ರಲ್ಲಿ ಅಲ್ಲಿಯ ಶಿಕ್ಷಕರು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಆಂಧ್ರಪ್ರದೇಶದ ಮದನಪಲ್ಲೆಯ ಬಳಿಯಿರುವ ಋಷಿ ಕಣಿವೆಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿ ಬಂದು 'ನಲಿ-ಕಲಿ' ಎಂಬ ಪದ್ಧತಿಯನ್ನು ರೂಪಿಸಿದರು.

ಅದರಲ್ಲಿ ಪಾಠಗಳನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು 'ಕಲಿಕೆಯ ಏಣಿ'ಯೊಂದನ್ನು ಗೋಡೆಗೆ ತೂಗುಹಾಕಿರುತ್ತಾರೆ. ಪ್ರತಿಯೊಂದು ಹೆಜ್ಜೆಗೂ ಒಂದು ಚಿತ್ರ, ಒಂದು ಕಾರ್ಡು. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತು, ಒಂದು ಗುಂಪು ಶಿಕ್ಷಕರ ನೆರವಿನಿಂದ, ಮತ್ತೊಂದು ಜೊತೆಯವರ ನೆರವಿನಿಂದ, ಇನ್ನೊಂದು ತಾನಾಗಿಯೇ ಕಲಿಯುತ್ತದೆ. ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಸುಗ್ಗಿಯ ಕೆಲಸಕ್ಕೆಂದು ಹತ್ತು ದಿನ ಹೋಗಿದ್ದ ಹುಡುಗ ಹಿಂದಿರುಗಿದಾಗ ತಾನು ಎಲ್ಲಿ ಬಿಟ್ಟಿದ್ದನೋ ಆ ಕಾರ್ಡಿನಿಂದಲೇ ಮುಂದುವರಿಯುತ್ತಾನೆ. ಅವನ ಮೆಟ್ಟಿಲು ಅವನಿಗಾಗಿ ಕಾದಿರುತ್ತದೆ, ನಾಚುವ ಪ್ರಮೇಯವಿಲ್ಲ. ೨೦೦೯-೧೦ರಲ್ಲಿ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಲಾಯಿತು. ಶಿಕ್ಷಕರ ಸಂಖ್ಯೆ ಕಡಿಮೆಯಿರುವಲ್ಲಿ ಇದನ್ನು ನಡೆಸುವುದು ಕಷ್ಟವೆಂಬ ದೂರೂ ಉಂಟು. ಆದರೆ ತಪ್ಪಿಸಿಕೊಂಡ ಮಗುವಿಗೆ ಹಿಂದಿರುಗಲು ಒಂದು ಸ್ಥಳ ಉಳಿದಿರಬೇಕೆಂಬ ಅದರ ತಿರುಳು ಯಾವ ಶಾಲೆಗಾದರೂ ಸಲ್ಲುವಂಥದು.

ಮಗುವನ್ನು ತಡೆದು ನಿಲ್ಲಿಸುವ ಕಾರಣಗಳನ್ನು ಕಿತ್ತುಹಾಕುವುದು ಇನ್ನೊಂದು ಕೆಲಸ. ಕೈಗೂಸನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುವುದು ಬಡವರ ಮನೆಗಳ ಹಳೆಯ ರೂಢಿ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ ಕರ್ನಾಟಕದಲ್ಲಿ ಅದಕ್ಕೆ ತಿ. ನರಸೀಪುರವನ್ನು ಆರಿಸಲಾಯಿತು. ಆ ಯೋಜನೆಯ ಅಂಗನವಾಡಿ ಸಣ್ಣ ಮಕ್ಕಳದೇ ಆದರೂ, ಅದು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದರೆ ಅಕ್ಕನಿಗೂ ಶಾಲೆಯ ದಾರಿ ತೆರೆದಂತೆ. ಹಸಿವೂ ಹಾಗೆಯೇ. ೨೦೦೧ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ೨೦೦೨ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ 'ಅಕ್ಷರ ದಾಸೋಹ' ಮೊದಲಾಯಿತು. ೨೦೧೩ರಲ್ಲಿ 'ಕ್ಷೀರಭಾಗ್ಯ'ದ ಹಾಲು ಬಂದಿತು. ಮಧ್ಯಾಹ್ನದ ಅನ್ನಸಾರಿನ ಪರಿಮಳ ಎಷ್ಟೋ ಬುದ್ಧಿವಾದಗಳು ಮಾಡಲಾರದ ಕೆಲಸವನ್ನು ಮಾಡುತ್ತದೆ.

ಉಳಿದದ್ದು ಮನೆಯ ಕೈಯಲ್ಲಿದೆ. ಬೆಳಗಿನ ಗಡಿಬಿಡಿಯ ಬೇರು ಹಿಂದಿನ ರಾತ್ರಿಯಲ್ಲಿದೆ. ಟೆಲಿವಿಷನ್ನೋ ಮೊಬೈಲೋ ಹತ್ತು ಗಂಟೆಯವರೆಗೆ ಬೆಳಗುತ್ತಿದ್ದರೆ ಮಗು ಆರಕ್ಕೆ ಏಳುವುದಾದರೂ ಹೇಗೆ? ಮಲಗುವ ಮುನ್ನ ಚೀಲ ತುಂಬಿ, ಸಮವಸ್ತ್ರವನ್ನು ಗೂಟಕ್ಕೆ ತೂಗುಹಾಕಿ, ಪೆನ್ಸಿಲನ್ನು ಕೆತ್ತಿಡುವ ಕೆಲಸವನ್ನು ಮಗುವಿನಿಂದಲೇ ಮಾಡಿಸಬೇಕು. ಗಡಿಯಾರ ಓದಲು ಬಾರದ ಮಗುವಿಗೆ ಬೇರೆ ಗುರುತುಗಳು ಬೇಕು: ಹಾಲಿನ ಡೇರಿಗೆ ಕ್ಯಾನು ಹೋದಾಗ ಸ್ನಾನ, ಮೊದಲ ಬಸ್ಸು ಬಂದಾಗ ತಿಂಡಿ. ಎಂಟು ದಿನ ತಪ್ಪದೆ ನಡೆದರೆ ಒಂಬತ್ತನೆಯ ದಿನ ಮಗುವೇ ತಾಯಿಯನ್ನು ಎಚ್ಚರಿಸುತ್ತದೆ. ಜಾತ್ರೆ, ನೆಂಟರ ಮದುವೆ, ತೋಟದ ಕೆಲಸ ಎಂದು ಹಿರಿಯರೇ ಶಾಲೆ ತಪ್ಪಿಸಿ, ಬಳಿಕ ಓದಿನಲ್ಲಿ ಆಸಕ್ತಿಯಿಲ್ಲವೆಂದು ಮಗುವನ್ನು ದೂರುವುದು ನ್ಯಾಯವಲ್ಲ.

ಶಾಲೆಯೂ ತನ್ನ ಪಾಲನ್ನು ಸಲ್ಲಿಸಬೇಕು. ಮಕ್ಕಳನ್ನು ಹೊಡೆಯುವುದನ್ನೂ ಮನನೋಯಿಸುವುದನ್ನೂ ಶಿಕ್ಷಣ ಹಕ್ಕು ಕಾಯಿದೆಯೇ ನಿಷೇಧಿಸಿದೆ. ಅದಕ್ಕೆ ಬದಲಾಗಿ ದಿನದ ಮೊದಲ ಹತ್ತು ನಿಮಿಷಗಳನ್ನು ಸಿಹಿಯಾಗಿ ಮಾಡಬಹುದು. ಮುಂದುವರಿಯುವ ಕಥೆಯೊಂದನ್ನು ದಿನಕ್ಕಿಷ್ಟೆಂದು ಹೇಳಿ, ರೋಚಕವಾದ ಕಡೆ ನಿಲ್ಲಿಸಿದರೆ, ಮರುದಿನದ ಕಂತನ್ನು ತಪ್ಪಿಸಿಕೊಳ್ಳಲು ಯಾವ ಮಗುವೂ ಒಪ್ಪದು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾಯುವ ಹಿರಿಯರಿಗೆ ಇದರ ಗುಟ್ಟು ಗೊತ್ತಿದ್ದದ್ದೇ. ಬಹುಮಾನ ಕೊಡುವಲ್ಲಿ ಮಾತ್ರ ಎಚ್ಚರ ಬೇಕು. ವರ್ಷವಿಡೀ ಒಂದು ದಿನವೂ ತಪ್ಪದವರಿಗೇ ಎಂದಿಟ್ಟರೆ ಜ್ವರವಿದ್ದ ಮಗುವೂ ಶಾಲೆಗೆ ಬರುತ್ತದೆ. ಅನುಕೂಲವಂತರ ಮಗುವೇ ಬಹುಮಾನ ಪಡೆಯುತ್ತದೆ. ಕಳೆದ ವಾರ ಮೂರು ದಿನ ಬಂದ ಮಗು ಈ ವಾರ ಐದು ದಿನ ಬಂದರೆ, ಆ ಎರಡು ದಿನಗಳನ್ನು ಎಲ್ಲರೆದುರು ಮೆಚ್ಚಬೇಕು. ಎಲ್ಲಕ್ಕಿಂತ ಮೊದಲು, ಮೇಷ್ಟರು ಗಂಟೆಗೆ ಮುಂಚೆ ಅಂಗಳದಲ್ಲಿರಬೇಕು. ಬೀಗ ಹಾಕಿದ ಬಾಗಿಲ ಮುಂದೆ ಕಾದು ನಿಂತ ಮಕ್ಕಳಿಗೆ ಸಮಯಪಾಲನೆಯ ಪಾಠ ಹೇಳಿದರೆ ಯಾರು ಕೇಳಿಯಾರು?

ತಡವಾಗಿ ಬರುವ ಮಗುವಿಗೆ ಯಾವುದಾದರೊಂದು ಕೆಲಸವನ್ನು ಒಪ್ಪಿಸಿ ನೋಡುವುದೂ ಒಳ್ಳೆಯ ಉಪಾಯ. ಗಿಡಗಳಿಗೆ ನೀರು ಹಾಕುವುದು, ಕರಿಹಲಗೆಯ ಮೇಲೆ ತಾರೀಖು ಬರೆಯುವುದು, ಕಂಬಿ ಬಾರಿಸುವುದು, ಯಾವುದಾದರೂ ಸರಿ. ಆದರೆ ಕೆಲಸ ಒಪ್ಪಿಸುವ ಮೊದಲು ಮೇಷ್ಟರು ಒಮ್ಮೆ ಆ ಮನೆಗೆ ಹೋಗಿ, ಕೈಗೂಸನ್ನು ಅಂಗನವಾಡಿಗೆ ಬಿಡುವ ಏರ್ಪಾಡನ್ನು ತಾಯಿಯೊಡನೆ ಮಾತಾಡಿ ಬರಬೇಕು. ಆ ಬಳಿಕ, ಅರ್ಧ ಹೆಣೆದ ಜಡೆಯ ಹುಡುಗಿಯ ಕೈಗೆ ಗಂಟೆಯ ಸುತ್ತಿಗೆಯನ್ನು ಕೊಟ್ಟರೆ, ಮರುದಿನ ಬೆಳಿಗ್ಗೆ ಊರಿನ ಮಕ್ಕಳನ್ನೆಲ್ಲ ಶಾಲೆಗೆ ಕರೆಯುವವಳು ಅವಳೇ ಆಗುತ್ತಾಳೆ.