ರಿಪೋರ್ಟ್ ಕಾರ್ಡಿನಲ್ಲಿ ಇಲ್ಲದ ಕಾಲಂ

"ಕೋವಿಡ್ ಮುಗೀತು, ಮಗಳು ಎಲ್ಲದರಲ್ಲೂ ಎ ತರ್ತಾಳೆ, ಇನ್ನೇನು ತೊಂದರೆ?" ವೆಸ್ಟ್ ಬ್ಲೂಮ್‌ಫೀಲ್ಡ್‌ನ ನಮ್ಮ ಕನ್ನಡ ಮನೆಗಳ ಈ ವಾದದಲ್ಲಿ ಅಳತೆಗೋಲೇ ತಪ್ಪು.

ಅಮೆರಿಕದ ಸಿಡಿಸಿ ಹೈಸ್ಕೂಲ್ ಮಕ್ಕಳನ್ನೇ ಕೇಳುತ್ತೆ: ಕಳೆದ ಒಂದು ವರ್ಷದಲ್ಲಿ, ಸತತ ಎರಡು ವಾರವಾದರೂ, ಮಾಮೂಲಿ ಕೆಲಸ ಬಿಡುವಷ್ಟು ದುಃಖ, ಹತಾಶೆ ಕಾಡಿತ್ತಾ? ಹೌದು ಅಂದವರು 2011ರಲ್ಲಿ ನೂರಕ್ಕೆ 28, 2019ರಲ್ಲಿ 37, 2021ರಲ್ಲಿ 42. ಶಾಲೆಗಳು ತೆರೆದ ಮೇಲೂ, 2023ರಲ್ಲಿ, 40. ಅಂದರೆ ಏರಿಕೆ ಕೋವಿಡ್‌ಗೆ ಮುಂಚೆಯೇ ಶುರುವಾಗಿತ್ತು; ಕೋವಿಡ್ ಹೋದರೂ ಹೆಚ್ಚೇನೂ ಇಳಿದಿಲ್ಲ. ಎಲ್ಲವನ್ನೂ ವೈರಸ್ಸಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳೋಕಾಗಲ್ಲ.

2021ರ ಡಿಸೆಂಬರ್‌ನಲ್ಲಿ ಇದೇ ವಿಷಯಕ್ಕೆ ದೇಶವನ್ನು ಎಚ್ಚರಿಸಿದ ಸರ್ಜನ್ ಜನರಲ್ ವಿವೇಕ್ ಮೂರ್ತಿಯವರ ಕುಟುಂಬದ ಮೂಲ ಮಂಡ್ಯದ ಹಲ್ಲೇಗೆರೆ. "ನಮ್ಮವರು" ಅಂತ ಹೆಮ್ಮೆಪಟ್ಟೆವು. ಅವರು ಬರೆದದ್ದನ್ನು ಓದಿದವರೆಷ್ಟು ಜನ?

ಗ್ರೇಡು ನಿದ್ದೆಯನ್ನು ಅಳೆಯಲ್ಲ, ಒಂಟಿತನವನ್ನು ಅಳೆಯಲ್ಲ. ಚೆನ್ನಾಗಿ ಓದೋ ಮಗು ಸಂಕಟ ಮುಚ್ಚಿಡೋದರಲ್ಲೂ ಪಳಗಿರಬಹುದು. "ನಾಲ್ಕು ಜನ ಏನಂತಾರೋ" ಅಂತ ಕೌನ್ಸೆಲರ್ ಹತ್ತಿರ ಕಳಿಸದಿದ್ದರೆ ಉಳಿಯೋದು ನಮ್ಮ ಮರ್ಯಾದೆ ಮಾತ್ರ; ಮಗು ಒಂಟಿಯಾಗೇ ಇರುತ್ತೆ.

ತುರ್ತಿಗೆ ಹಗಲೂ ರಾತ್ರಿ 988 ಇದೆ. ಅಲ್ಲಿವರೆಗೆ ಹೋಗೋಕೆ ಮುಂಚೆ, ಊಟದ ಹೊತ್ತಲ್ಲಿ "ಟೆಸ್ಟ್ ಹೇಗಾಯ್ತು?" ಬಿಟ್ಟು "ನೀನು ಹೇಗಿದೀಯಾ?" ಅಂತ ಕೇಳಿ. ಆಮೇಲೆ ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಿ.