ತಾಳಿದ ಗೋಡೆ ಬಾಳೀತು

ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಹೊರಗೋಡೆಯನ್ನು ಈಗ ಸ್ಥಳದಲ್ಲೇ ಕಟ್ಟಬೇಕೆಂದೇನೂ ಇಲ್ಲ. ಕಾರ್ಖಾನೆಯಲ್ಲಿ ಅಚ್ಚಿಗೆ ಹೊಯ್ದ ಕಾಂಕ್ರೀಟ್ ಫಲಕಗಳು ಲಾರಿಯೇರಿ ಬಂದು, ಕ್ರೇನ್ ನೆರವಿನಿಂದ ತಮ್ಮ ಸ್ಥಾನ ಸೇರುತ್ತವೆ. ಈ ‘ಪ್ರೀಕಾಸ್ಟ್’ ವಿಧಾನದಲ್ಲಿ ಸಮಯ ಉಳಿಯುತ್ತದೆ. ಸಾಮಗ್ರಿ ಪೋಲಾಗುವುದೂ ನೆರೆಹೊರೆಗೆ ದೂಳು ಹರಡುವುದೂ ಕಡಿಮೆ. ಆದರೆ ಇಷ್ಟಕ್ಕೇ ಅದಕ್ಕೆ ‘ಪರಿಸರಸ್ನೇಹಿ’ ಎಂಬ ಬಿರುದು ಕೊಡುವುದು ಅವಸರದ ತೀರ್ಪಾದೀತು.

ತೊಡಕಿರುವುದು ಸಿಮೆಂಟಿನಲ್ಲಿ. ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಕ್ಲಿಂಕರ್ ತಯಾರಿಸುವಾಗ ಆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಂಧನದ ಹೊಗೆ ಅದಕ್ಕೆ ಹೆಚ್ಚುವರಿ. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟ್ ಉದ್ಯಮದ ಪಾಲು ಶೇ 7ರಿಂದ 8ರಷ್ಟು.

ಹೊರಮೈಗೆ ತೂಗುಹಾಕುವ ಫಲಕವು ಮಹಡಿಗಳ ಭಾರವನ್ನು ಹೊರುವುದಿಲ್ಲ. ತನ್ನ ತೂಕವನ್ನೂ ಗಾಳಿಯ ಒತ್ತಡವನ್ನೂ ತಾಳಿಕೊಂಡರೆ ಸಾಕು. ಹಾಗಿದ್ದೂ ಅದಕ್ಕೆ ಕ್ಲಿಂಕರ್ ಹೆಚ್ಚಿರುವ ಮಿಶ್ರಣವನ್ನು ಬಳಸುವುದು, ಹಬೆ ಹಾಯಿಸುವುದು ವಾಡಿಕೆ. ಏಕೆಂದರೆ ಮರುದಿನವೇ ಅಚ್ಚು ಖಾಲಿಯಾಗಬೇಕು! ಇಲ್ಲಿ ಸಿಮೆಂಟ್ ಸುರಿಯುತ್ತಿರುವುದು ಗೋಡೆಯ ಭದ್ರತೆಗಿಂತ ಹೆಚ್ಚಾಗಿ ಕಾರ್ಖಾನೆಯ ವೇಳಾಪಟ್ಟಿಗಾಗಿ.

ಪರ್ಯಾಯ ದೂರದಲ್ಲಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕುಲುಮೆಗಳಲ್ಲಿ ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ, ಅಂದರೆ ಸ್ಲ್ಯಾಗ್, ಪುಡಿಯಾಗಿ ಕ್ಲಿಂಕರ್‌ನ ಜಾಗ ತುಂಬಬಲ್ಲದು. ಸ್ಲ್ಯಾಗ್ ಸಿಮೆಂಟಿನಲ್ಲಿ ಅದರ ಪ್ರಮಾಣ ಶೇ 70ರವರೆಗೂ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಪುಡಿ ಬೆರೆಸಿದ ಸಿಮೆಂಟಿಗೂ 2023ರಲ್ಲಿ ಮಾನಕ ರೂಪುಗೊಂಡಿದೆ.

ಸ್ಲ್ಯಾಗ್ ಬೆರೆತ ಕಾಂಕ್ರೀಟ್ ನಿಧಾನವಾಗಿ ಬಲಗೊಳ್ಳುತ್ತದೆ, ಅಚ್ಚುಗಳು ಹೆಚ್ಚು ಬೇಕಾಗುತ್ತವೆ, ವೆಚ್ಚ ಏರುತ್ತದೆ ಎಂಬ ಉದ್ಯಮದ ಆಕ್ಷೇಪ ನಿರಾಧಾರವಲ್ಲ. ಆದರೆ ಅಚ್ಚಿನ ವೆಚ್ಚ ನೂರಾರು ಫಲಕಗಳಿಗೆ ಹಂಚಿಹೋಗುತ್ತದೆ. ವಾತಾವರಣ ಸೇರಿದ ಇಂಗಾಲ ಶತಮಾನಗಳ ಕಾಲ ಉಳಿಯುತ್ತದೆ. ಫಲಕಗಳನ್ನು ಕಾಂಕ್ರೀಟಿನಿಂದ ಬೆಸೆಯದೆ ಬೋಲ್ಟ್‌ಗಳಿಂದ ಜೋಡಿಸಿದರೆ, ಕಟ್ಟಡ ಕೆಡವುವ ದಿನ ಅವನ್ನು ಬಿಚ್ಚಿ ಮತ್ತೆ ಬಳಸಲೂಬಹುದು.

ಈ ಬದಲಾವಣೆ ಉದ್ಯಮದ ಸದ್ಭಾವನೆಯಿಂದಷ್ಟೇ ಬರಲಾರದು. ಸಾರ್ವಜನಿಕ ಹಣದಲ್ಲಿ ಕಟ್ಟಿಸುವ ಪ್ರಾಧಿಕಾರಗಳು, ಮಂಡಳಿಗಳು ತಮ್ಮ ಟೆಂಡರ್‌ನಲ್ಲಿ ದರ, ಬಲ, ಗಡುವುಗಳ ಜೊತೆಗೆ ಮತ್ತೊಂದು ಲೆಕ್ಕವನ್ನೂ ಕೇಳಲಿ: ಪ್ರತಿ ಚದರ ಮೀಟರ್ ಫಲಕಕ್ಕೆ ಎಷ್ಟು ಕಿಲೋ ಇಂಗಾಲ? ದೊಡ್ಡ ಗಿರಾಕಿ ಕೇಳಿದ್ದನ್ನು ಮಾರುಕಟ್ಟೆ ಒದಗಿಸಿಯೇ ತೀರುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆ ಗೋಡೆಗೂ ಸಲ್ಲುತ್ತದೆ.