ಧ್ವಜದ ಬಣ್ಣವೂ ಧ್ವಜದ ಬಟ್ಟೆಯೂ

ಆಗಸ್ಟ್ 15 ಸಮೀಪಿಸಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ ಸ್ಟೇಶನ್ನುಗಳ ಹೊರಗೆ ತ್ರಿವರ್ಣದ ಸಂತೆಯೇ ನೆರೆಯುತ್ತದೆ. ಹೋಟೆಲಿನ ಗಲ್ಲಾದ ಮೇಲೊಂದು, ರಿಕ್ಷಾದ ಮುಂದೊಂದು ಧ್ವಜವು ಕಂಗೊಳಿಸುತ್ತದೆ. ಈ ಉತ್ಸಾಹವು ಮೆಚ್ಚತಕ್ಕದ್ದೇ. ಆದರೆ ಕೊಳ್ಳುವ ಧ್ವಜವು ಯಾವ ಬಟ್ಟೆಯದೆಂದು ವಿಚಾರಿಸುವವರು ವಿರಳ. ಕನ್ನಡಿಗರಾದರೂ ವಿಚಾರಿಸಬೇಕೆಂಬುದು ನಮ್ಮ ವಿನಂತಿ.

ಸಾಮಾನ್ಯವಾಗಿ ಧ್ವಜಗಳು ಬಣ್ಣಗಳಿಂದಲೇ ಮಾತನಾಡುತ್ತವೆ. 1957ರಲ್ಲಿ ಸ್ವತಂತ್ರವಾದ ಆಫ್ರಿಕದ ಘಾನಾ ದೇಶದ ಧ್ವಜವನ್ನೇ ನೋಡಿರಿ. ಥಿಯೊಡೋಸಿಯಾ ಓಕೋ ಎಂಬ ಮಹಿಳೆ ರಚಿಸಿದ ಆ ಧ್ವಜದಲ್ಲಿ ಕೆಂಪು ಸ್ವಾತಂತ್ರ್ಯಕ್ಕಾಗಿ ಮಡಿದವರನ್ನೂ, ಹಳದಿ ಖನಿಜ ಸಂಪತ್ತನ್ನೂ, ಹಸುರು ಅರಣ್ಯಗಳನ್ನೂ, ಕರಿಯ ನಕ್ಷತ್ರ ಆಫ್ರಿಕದ ಬಿಡುಗಡೆಯನ್ನೂ ಸೂಚಿಸುತ್ತವೆ. ನಮ್ಮ ಧ್ವಜದಲ್ಲಾದರೋ ಬಣ್ಣದಷ್ಟೇ ಬಟ್ಟೆಗೂ ಅರ್ಥವುಂಟು. 1931ರ ಕಾಂಗ್ರೆಸ್ ಧ್ವಜದ ನಡುವೆ ಚರಕವಿದ್ದಿತು. 1947ರ ಜುಲೈ 22ರಂದು ಸಂವಿಧಾನ ಸಭೆಯು ಅಂಗೀಕರಿಸಿದ ಧ್ವಜದಲ್ಲಿ ಆ ಸ್ಥಾನವು 24 ಅರಗಳ ಅಶೋಕಚಕ್ರಕ್ಕೆ ಸಂದಿತು. ಚಿತ್ರದಿಂದ ಮರೆಯಾದ ಚರಕವು ಕೈನೂಲಿನ ರೂಪದಲ್ಲಿ ಧ್ವಜದ ಬಟ್ಟೆಯಲ್ಲಿಯೇ ಉಳಿಯಿತು.

ಆ ಬಟ್ಟೆಯ ಕೀರ್ತಿಯಲ್ಲಿ ನಮ್ಮ ನಾಡಿಗೆ ದೊಡ್ಡ ಪಾಲಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರ ನವೆಂಬರ್ 1ರಂದು ಸ್ಥಾಪಿತವಾಯಿತು. ಅದರ ಧ್ವಜಗಳಿಗೆ 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ದೊರೆಯಿತು. ಬಾಗಲಕೋಟೆ ಕಡೆಯ ಖಾದಿಯಿಂದ ಅಲ್ಲಿ ಧ್ವಜ ಸಿದ್ಧಪಡಿಸುವವರು ಬಹುಮಟ್ಟಿಗೆ ಸ್ತ್ರೀಯರು. ಅಳತೆಯಾಗಲಿ, ಬಣ್ಣವಾಗಲಿ, ಹೊಲಿಗೆಯಾಗಲಿ ನಿಯಮ ತಪ್ಪಿದರೆ ಧ್ವಜವು ತಿರಸ್ಕೃತವಾಗುತ್ತದೆ.

2021ರ ಡಿಸೆಂಬರಿನಲ್ಲಿ ಸರಕಾರವು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಿಂದ ತಯಾರಾದ ಧ್ವಜಗಳಿಗೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿಯಿತ್ತಿತು. ಇದನ್ನು 2022ರಲ್ಲಿ ಬೆಂಗೇರಿಯ ಸಂಘದವರು ಪ್ರತಿಭಟಿಸಿದರು. ಅಗ್ಗದ ಧ್ವಜದಿಂದ ಬಡವನ ಮನೆಯಲ್ಲಿಯೂ ತ್ರಿವರ್ಣ ಹಾರಲು ಅನುಕೂಲವಾಯಿತೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಚಾಳಿನ ಖೋಲಿಯಲ್ಲಿರುವ ಸಪ್ಲೈಯರನಿಗೆ ದುಬಾರಿ ಧ್ವಜ ಕೊಳ್ಳೆಂದು ಹೇಳುವುದು ನ್ಯಾಯವಲ್ಲ. ಆದರೆ ಕಂಬಕ್ಕೆ ಧ್ವಜವೇರಿಸುವ ನಮ್ಮ ಸಂಘಗಳಿಗೂ ಹೋಟೆಲ್ ಮಾಲಿಕರಿಗೂ ಈ ನೆಪವು ಸಲ್ಲದು. ವಾರ್ಷಿಕೋತ್ಸವದ ಹಾರತುರಾಯಿಗೆ ಹಣ ಸುರಿಯುವವರಿಗೆ ಒಂದು ಖಾದಿಧ್ವಜದ ಬೆಲೆ ಭಾರವಾಗಲಾರದು.

ಹಿಟ್ಟು ರುಬ್ಬಿ, ಲೆಕ್ಕ ಬರೆದು, ಕೈಯ ದುಡಿಮೆಯಿಂದಲೇ ಊರಿಗೆ ಮನಿಯಾರ್ಡರ್ ಕಳುಹಿ ಸಂಸಾರ ಸಲಹಿದ ಸಮಾಜ ನಮ್ಮದು. ಕೈಯ ದುಡಿಮೆಗೆ ಕೂಲಿ ತಪ್ಪಿದರೆ ಮನೆಯ ಒಲೆ ಏನಾಗುವುದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಡೊಂಬಿವಲಿಯಿಂದ ನವಿ ಮುಂಬಯಿಯವರೆಗಿನ ಕನ್ನಡ ಸಂಘಗಳು ಜುಲೈ ತಿಂಗಳಿನಲ್ಲಿಯೇ ಒಂದುಗೂಡಿ ಬೆಂಗೇರಿಗೆ ಬೇಡಿಕೆ ಕಳುಹಲಿ. ಸ್ವಾತಂತ್ರ್ಯ ದಿನದಂದು ಬರಿಯ ಭಾಷಣಕ್ಕಿಂತ ಇದು ಹೆಚ್ಚಿನ ಸೇವೆಯೆಂದು ನಾವು ಭಾವಿಸುತ್ತೇವೆ.